ತಾಯಿ ಇರುವ ತನಕ

‘ನಾನಿರೋ ತಂಕ ನಾನು ನೋಡ್ಕಂತೀನಿ ಮೇಡಂ, ಆಮೇಲೆ ದೇವರಿದಾನೆ.’

ಈ ಮಾತನ್ನು ಮೂವತ್ತು ವರ್ಷಗಳಿಂದ ಕೇಳುತ್ತ ಬಂದಿದ್ದೇನೆ. ವರ್ಗಾವಣೆಯ ಆದೇಶಗಳು ನನ್ನನ್ನು ಚನ್ನಗಿರಿಯ ಅಡಿಕೆ ಸೀಮೆಯಿಂದ ಜಗಳೂರಿನ ಒಣ ಬಯಲಿಗೆ, ಅಲ್ಲಿಂದ ಹೊನ್ನಾಳಿಯ ಹೊಳೆಸಾಲಿಗೆ, ಮತ್ತೆ ನ್ಯಾಮತಿಗೆ ಎಂದು ಸುತ್ತಾಡಿಸಿವೆ. ಊರು ಬದಲಾದಂತೆ ನೀರು ಬದಲಾಯಿತು, ಮಾತಿನ ಧಾಟಿ ಬದಲಾಯಿತು. ಈ ಒಂದು ಮಾತು ಮಾತ್ರ ಎಲ್ಲ ಕಡೆಯೂ ಒಂದೇ. ಓದಿನಲ್ಲಿ ತೀರ ಹಿಂದೆ ಬಿದ್ದ, ವಯಸ್ಸಿಗೆ ತಕ್ಕ ತಿಳಿವಳಿಕೆ ಬಾರದ ಮಗುವಿನ ತಾಯಿಯನ್ನು ಕೂರಿಸಿಕೊಂಡು ‘ಮುಂದೆ ಹೇಗೆ ಅಂತ ಯೋಚನೆ ಮಾಡಿದ್ದೀರಮ್ಮಾ?’ ಎಂದು ಕೇಳಿದರೆ, ಸೆರಗಿನಲ್ಲಿ ಕಣ್ಣೊರೆಸಿಕೊಂಡು ಆಕೆ ಹೇಳುವುದು ಇಷ್ಟೇ. ಕೇಳಿದವರ ಮನಸ್ಸು ಕರಗುತ್ತದೆ. ಎಂಥ ತಾಯಿ ಎಂದು ನಾಲ್ಕು ಜನ ಹೊಗಳುತ್ತಾರೆ. ನನಗೋ, ಈಗೀಗ ಈ ಮಾತು ಕೇಳಿದರೆ ಸಿಟ್ಟು ಬರುತ್ತದೆ. ಮಮತೆಯ ಮಾತಿಗೆ ಸಿಟ್ಟೇನು ಎಂದು ನೀವು ಹುಬ್ಬೇರಿಸಬಹುದು. ಆ ಮಮತೆಯ ಲೆಕ್ಕದಲ್ಲಿ ಒಂದು ದೊಡ್ಡ ತಪ್ಪಿದೆ. ತಾಯಿಗೆ ನಲವತ್ತಾದಾಗ ಮಗುವಿಗೆ ಹನ್ನೆರಡು. ತಾಯಿ ಎಪ್ಪತ್ತಕ್ಕೆ ಕಣ್ಣು ಮುಚ್ಚಿದರೆ ಆ ಮಗುವಿಗೆ ನಲವತ್ತೆರಡು. ಆಮೇಲಿನ ಇಪ್ಪತ್ತು ಮೂವತ್ತು ವರ್ಷಗಳನ್ನು ದೇವರ ಖಾತೆಗೆ ಬರೆದು ಹೋಗುವುದು ಯಾವ ನ್ಯಾಯ?

ನಾನು ಯಾವ ಮಕ್ಕಳ ಮಾತನ್ನು ಆಡುತ್ತಿದ್ದೇನೆ ಎಂಬುದನ್ನು ಮೊದಲು ಸ್ಪಷ್ಟಪಡಿಸಬೇಕು. ಹಾಸಿಗೆ ಬಿಟ್ಟು ಏಳಲಾರದ, ತುತ್ತು ನುಂಗಲೂ ಕಷ್ಟಪಡುವ ಮಕ್ಕಳಿದ್ದಾರೆ. ಅವರ ತಾಯಂದಿರ ಕಷ್ಟಕ್ಕೆ ನಾನು ಕೈ ಮುಗಿಯುತ್ತೇನೆ. ನನ್ನ ಮಾತು ನಮ್ಮ ತರಗತಿಯ ಹಿಂದಿನ ಬೆಂಚಿನಲ್ಲೇ ಕೂತಿರುವ ಮಕ್ಕಳನ್ನು ಕುರಿತದ್ದು. ನೋಡಲು ಎಲ್ಲರಂತೆಯೇ ಇರುತ್ತಾರೆ. ನಡೆದದ್ದು ತುಸು ತಡ, ಮಾತು ಬಂದದ್ದು ತುಸು ತಡ. ಮೂರನೆಯ ತರಗತಿಯಲ್ಲಿ ಉಳಿದವರು ದಶಕ ತೆಗೆದುಕೊಂಡು ಕಳೆಯುವ ಲೆಕ್ಕ ಮಾಡುವಾಗ ಇವರಿನ್ನೂ ಬೆರಳು ಮಡಚುತ್ತಿರುತ್ತಾರೆ. ಆಟಕ್ಕೆ ತಮಗಿಂತ ಚಿಕ್ಕವರನ್ನು ಹುಡುಕುತ್ತಾರೆ. ಊರಿನವರು ಇವರನ್ನು ಪೆದ್ದ, ಮಂಕ ಎಂದರು. 1995ರ ಕಾಯಿದೆ ಬುದ್ಧಿಮಾಂದ್ಯರು ಎಂದಿತು. ಈಗ ಬೌದ್ಧಿಕ ಅಂಗವೈಕಲ್ಯ ಎನ್ನುತ್ತಾರೆ. ಹೆಸರು ಬದಲಾದದ್ದು ಒಳ್ಳೆಯದೇ, ಆದರೆ ಹಿಂದಿನ ಬೆಂಚು ಬದಲಾಗಿಲ್ಲ.

ಬುದ್ಧ್ಯಂಕವನ್ನು ಅಳೆಯುವ ಪರೀಕ್ಷೆಯಲ್ಲಿ ಸಾಮಾನ್ಯರದು ನೂರರ ಆಸುಪಾಸು. ಸುಮಾರು 50ರಿಂದ 69ರ ನಡುವೆ ಬಂದವರಿಗೆ ಸೌಮ್ಯ ಪ್ರಮಾಣದ ಕೊರತೆ ಎನ್ನುತ್ತಾರೆ. ಇದೇನೂ ಪರದೇಶದಿಂದ ನೇರವಾಗಿ ಇಳಿದ ಅಳತೆಗೋಲಲ್ಲ. ಫ್ರಾನ್ಸಿನ ಬಿನೆಯ ಪರೀಕ್ಷೆಯನ್ನು ನಮ್ಮ ಧಾರವಾಡದಲ್ಲಿ ವಿ.ವಿ. ಕಾಮತ್ ಅವರು 1930ರ ದಶಕದಲ್ಲಿಯೇ ಕನ್ನಡ ಮತ್ತು ಮರಾಠಿ ಮಕ್ಕಳಿಗೆ ಒಗ್ಗಿಸಿದರು. ಬಿನೆ–ಕಾಮತ್ ಪರೀಕ್ಷೆ ಎಂದರೆ ಇಂದಿಗೂ ಮನಶ್ಶಾಸ್ತ್ರಜ್ಞರಿಗೆ ಗೊತ್ತು. ನೂರು ಜನರಲ್ಲಿ ಒಬ್ಬರಿಂದ ಮೂವರಿಗೆ ಇಂಥ ಕೊರತೆಯಿರುತ್ತದೆ ಎಂದು ತಿಳಿದವರು ಹೇಳುತ್ತಾರೆ. ಅಂಥ ನೂರು ಮಂದಿಯಲ್ಲಿ ಸುಮಾರು 85 ಮಂದಿಯದು ಸೌಮ್ಯ ಪ್ರಮಾಣದ್ದೇ. 2011ರ ಜನಗಣತಿಯಲ್ಲಿ ದೇಶದಲ್ಲಿ ಇಂಥವರೆಂದು ಲೆಕ್ಕಕ್ಕೆ ಬಂದವರು ಸುಮಾರು 15 ಲಕ್ಷ. ನೂರಕ್ಕೆ ಒಬ್ಬರಂತೆ ಹಿಡಿದರೂ 121 ಕೋಟಿ ಜನರಲ್ಲಿ 1 ಕೋಟಿ 20 ಲಕ್ಷವಾಗಬೇಕಿತ್ತು. ಉಳಿದ ಕೋಟಿ ಜನ ಎಲ್ಲಿ ಹೋದರು? ಎಲ್ಲಿಯೂ ಹೋಗಿಲ್ಲ. ನಮ್ಮ ನಿಮ್ಮ ಮನೆಗಳಲ್ಲಿ, ‘ಅವನು ಸ್ವಲ್ಪ ಹಂಗೇ’ ಎಂಬ ಮಾತಿನ ಹಿಂದೆ ಕೂತಿದ್ದಾರೆ.

ಬುದ್ಧ್ಯಂಕದ ಜೊತೆಗೇ ಇನ್ನೊಂದು ಅಳತೆಯಿದೆ, ನಮ್ಮ ಹೆಣ್ಣುಮಕ್ಕಳು ಅದನ್ನು ತಿಳಿಯಬೇಕು. 1935ರಲ್ಲಿ ಅಮೆರಿಕದ ವೈನ್‌ಲ್ಯಾಂಡ್ ಎಂಬ ಊರಿನ ತರಬೇತಿ ಶಾಲೆಯಲ್ಲಿ ಎಡ್ಗರ್ ಡಾಲ್ ಎಂಬಾತ ಒಂದು ಪಟ್ಟಿ ಮಾಡಿದ. ಮಗು ತಾನೇ ಉಣ್ಣುತ್ತದೆಯೇ, ಗುಂಡಿ ಹಾಕಿಕೊಳ್ಳುತ್ತದೆಯೇ, ನೆರೆಮನೆಗೆ ಒಂಟಿಯಾಗಿ ಹೋಗಿಬರುತ್ತದೆಯೇ, ಸಣ್ಣಪುಟ್ಟ ಸಾಮಾನು ಕೊಂಡು ತರುತ್ತದೆಯೇ ಎಂದು ಕೇಳುವ ಪಟ್ಟಿ. ಮೈಸೂರಿನಲ್ಲಿ ಜೆ. ಭರತ್‌ರಾಜ್ ಅವರು ಅದನ್ನು ನಮ್ಮ ಮಕ್ಕಳಿಗೆ ಹೊಂದಿಸಿದರು. ಇಂದು ಆಸ್ಪತ್ರೆಯಲ್ಲಿ ಅಂಗವೈಕಲ್ಯದ ಪ್ರಮಾಣಪತ್ರ ಕೊಡುವಾಗ ಈ ಪಟ್ಟಿಯ ಅಂಕಗಳನ್ನು ನೋಡುತ್ತಾರೆ. ಸೌಮ್ಯ ಪ್ರಮಾಣವೆಂದರೆ ಕಾಗದದಲ್ಲಿ ಶೇಕಡಾ 50 ಎಂದು ಬರೆಯುತ್ತಾರೆ. ಅದು ಸವಲತ್ತಿಗಾಗಿ ಇಟ್ಟುಕೊಂಡ ಒಂದು ಅಂಕಿ, ಅಷ್ಟೆ. ನೆಂಟರಿಷ್ಟರು ಅದನ್ನು ಓದುವುದು ಹೇಗೆ ಗೊತ್ತೇ? ‘ಅರ್ಧ ಬುದ್ಧಿ ಇಲ್ಲವಂತೆ.’ ಅಲ್ಲಿಗೆ ಆ ಮಗುವಿನ ಮೇಲಿದ್ದ ಆಸೆಯೂ ಅರ್ಧವಾಗುತ್ತದೆ. ಬುದ್ಧ್ಯಂಕವನ್ನು ಎಳೆದು ಉದ್ದ ಮಾಡುವುದು ನಮ್ಮಿಂದಾಗದು. ಗುಂಡಿ ಹಾಕಿಕೊಳ್ಳುವುದನ್ನು, ಅಂಗಡಿಗೆ ಹೋಗಿಬರುವುದನ್ನು ಕಲಿಸುವುದು ಮಾತ್ರ ನೂರಕ್ಕೆ ನೂರು ನಮ್ಮ ಕೈಯಲ್ಲೇ ಇದೆ. ಕೈಯಲ್ಲಿರುವುದನ್ನು ಬಿಟ್ಟು ಹಣೆಬರಹವನ್ನು ಹಳಿಯುತ್ತ ಕೂರುವುದೇಕೆ?

ಮೊದಲು ನನ್ನ ವೃತ್ತಿಯವರನ್ನೇ ತರಾಟೆಗೆ ತೆಗೆದುಕೊಳ್ಳುತ್ತೇನೆ. ಎಂಟನೆಯ ತರಗತಿಗೆ ಬರುವ ಹೊತ್ತಿಗೆ ಇಂಥ ಮಕ್ಕಳಲ್ಲಿ ಕೆಲವರ ಅಕ್ಷರ ಮುತ್ತಿನಂತಿರುತ್ತದೆ! ಬೋರ್ಡಿನ ಮೇಲಿದ್ದದ್ದನ್ನು ಚಿತ್ರ ಬರೆದಂತೆ ನೋಟ್‌ಬುಕ್ಕಿಗೆ ಇಳಿಸುತ್ತಾರೆ. ‘ಬರೆದದ್ದನ್ನು ಓದು ಪುಟ್ಟ’ ಎಂದರೆ ನೆಲ ನೋಡುತ್ತಾರೆ. ಎಂಟು ವರ್ಷ ನಾವು ಕಲಿಸಿದ್ದು ನಕಲು ಇಳಿಸುವುದನ್ನು. 2009ರ ಶಿಕ್ಷಣ ಹಕ್ಕು ಕಾಯಿದೆ ಬಂದ ಮೇಲೆ ಮಕ್ಕಳು ಎಂಟನೆಯ ತರಗತಿಯವರೆಗೆ ತಡೆಯಿಲ್ಲದೆ ಬಂದರು, ಸಂತೋಷ. ಬಂದವರಿಗೆ ಬಡಿಸಿದ್ದೇನು? ಹತ್ತು ರೂಪಾಯಿ ಕೊಟ್ಟರೆ ಎಷ್ಟು ಚಿಲ್ಲರೆ ವಾಪಸು ಬರಬೇಕೆಂದು ತಿಳಿಯದ ಹುಡುಗನಿಗೆ ಬಹುಪದೋಕ್ತಿ. ತನ್ನೂರಿನ ಬಸ್ಸಿನ ಬೋರ್ಡು ಓದಲಾಗದ ಹುಡುಗಿಗೆ ಅಕ್ಷಾಂಶ ರೇಖಾಂಶ. ‘ಅವಳ ಪಾಡಿಗೆ ಕೂತಿರಲಿ ಬಿಡ್ರಿ ಪಾಪ, ಗಲಾಟೆ ಮಾಡಲ್ಲ’ ಎಂದು ಸ್ಟಾಫ್ ರೂಮಿನಲ್ಲಿ ಆಡುವ ಮಾತನ್ನು ನಾನು ಒಂದಲ್ಲ ಎರಡಲ್ಲ, ಹಲವು ಶಾಲೆಗಳಲ್ಲಿ ಕೇಳಿದ್ದೇನೆ. ಗಲಾಟೆ ಮಾಡದೆ ಕೂರುವುದೇ ಒಂದು ವಿದ್ಯೆಯಾದರೆ ಮೂಲೆಯ ಕಂಬಕ್ಕೂ ಅಂಕ ಕೊಡಬಹುದು.

ಹತ್ತನೆಯ ತರಗತಿಯ ಬಾಗಿಲಿಗೆ ಬಂದಾಗ ಈ ‘ಪಾಪ’ವೂ ಮುಗಿಯುತ್ತದೆ. ಎಸ್ಸೆಸ್ಸೆಲ್ಸಿ ಫಲಿತಾಂಶ ಶೇಕಡಾ ನೂರು ಬರಬೇಕು, ತಾಲ್ಲೂಕಿಗೆ ಹೆಸರು ಬರಬೇಕು. ಹಾಗಿರುವಾಗ ಈ ಹುಡುಗ ಒಂಬತ್ತರಲ್ಲೇ ಶಾಲೆ ಬಿಟ್ಟರೆ ಎಲ್ಲರಿಗೂ ಸಲೀಸು. ತಂದೆಯನ್ನು ಕರೆಸಿ ‘ಯಾಕೆ ಸುಮ್ಮನೆ ತ್ರಾಸು ತಗೋತೀರಿ’ ಎಂದು ನಯವಾಗಿ ಹೇಳಿದರಾಯಿತು. ತೇರ್ಗಡೆಯ ಅಂಕಿ ಏರುತ್ತದೆ. ಹದಿನಾಲ್ಕು ಹದಿನೈದರ ಹುಡುಗ ಮನೆಯ ಕಟ್ಟೆಗೆ ಬರುತ್ತಾನೆ. ಕಲಿಯುವ ಚೈತನ್ಯ ಉಕ್ಕುವ ವಯಸ್ಸಿನಲ್ಲಿ ಅವನ ಕೈಗೆ ಸಿಗುವುದು ಮೊಬೈಲ್, ಇಲ್ಲವೆ ಬೀದಿ.

ಇನ್ನು ಮನೆಯ ಮಾತು. ಇಲ್ಲಿ ಒಂದು ವಿಚಿತ್ರವನ್ನು ಗಮನಿಸಿದ್ದೇನೆ. ಜಗಳೂರು ಕಡೆಯ ಕೂಲಿಕಾರರ ಮನೆಯಲ್ಲಿ, ಕುರಿ ಕಾಯುವವರ ಮನೆಯಲ್ಲಿ ಇಂಥ ಮಗಳಿದ್ದರೆ ಅವಳು ನೀರು ತರುತ್ತಾಳೆ, ಒಲೆ ಹಚ್ಚುತ್ತಾಳೆ, ಮರಿಗಳಿಗೆ ಸೊಪ್ಪು ಹಾಕುತ್ತಾಳೆ. ಯಾರೂ ಅವಳಿಗೆ ವಿಶೇಷ ಶಿಕ್ಷಣ ಕೊಟ್ಟಿಲ್ಲ. ಎಲ್ಲರೂ ಬೆಳಗಾಗುತ್ತಲೇ ದುಡಿಯಲು ಹೋಗುವ ಮನೆಯಲ್ಲಿ ಅವಳೂ ಒಬ್ಬಳು, ಅಷ್ಟೆ. ಅದೇ ಪೇಟೆಯ ನಮ್ಮಂಥವರ ಮನೆಗೆ ಬನ್ನಿ. ಸಂಬಳವಿದೆ, ಗ್ಯಾಸ್ ಇದೆ, ಕೆಲಸದವಳೂ ಇದ್ದಾಳೆ. ಇಪ್ಪತ್ತು ವರ್ಷದ ಮಗಳಿಗೆ ತಾಯಿ ಜಡೆ ಹೆಣೆಯುತ್ತಾಳೆ, ಅನ್ನ ಕಲೆಸಿ ಕೊಡುತ್ತಾಳೆ. ನೆಂಟರು ಬಂದರೆ ಒಳಗೆ ಕಳಿಸುತ್ತಾಳೆ. ‘ಅವಳಿಗೇನೂ ಗೊತ್ತಾಗಲ್ಲ ಪಾಪ’ ಎಂದು ಅವಳೆದುರೇ ಹೇಳುತ್ತಾಳೆ. ಬಡವಳ ಮಗಳಿಗೆ ಬಂದದ್ದು ಉಳ್ಳವರ ಮಗಳಿಗೆ ಬಾರದೇ ಹೋದದ್ದು ಬುದ್ಧಿಯ ಕೊರತೆಯಿಂದಲೇ, ನಮ್ಮ ಅತಿಯಾದ ಸೇವೆಯಿಂದಲೇ?

ಹಾಗೆಂದು ಬಡವರ ಮನೆಯದೇ ಆದರ್ಶ ಎಂದು ನಾನು ಸಾಧಿಸಲು ಹೊರಟಿಲ್ಲ. ಅಲ್ಲಿ ಇನ್ನೊಂದು ಅನ್ಯಾಯವಿದೆ. ದುಡಿಯಲು ಕಲಿತ ಹುಡುಗಿ ಅಣ್ಣತಮ್ಮಂದಿರ ಮನೆಗೆ ಪುಕ್ಕಟೆ ಆಳಾಗುತ್ತಾಳೆ. ಎಲ್ಲರ ಬಟ್ಟೆ ಅವಳ ಪಾಲಿಗೆ, ಎಲ್ಲರ ಪಾತ್ರೆ ಅವಳ ಪಾಲಿಗೆ. ಹಬ್ಬಕ್ಕೆ ಹೊಸ ಸೀರೆ ಮಾತ್ರ ಉಳಿದವರಿಗೆ. ಸ್ವಾವಲಂಬನೆ ಎಂದರೆ ಗೇಯುವುದಷ್ಟೇ ಅಲ್ಲ. ಗೇಯ್ದದ್ದರ ಕೂಲಿ ತನ್ನ ಕೈಗೆ ಬರುವುದು, ಅದರಲ್ಲಿ ತನಗೆ ಬೇಕಾದ ಬಳೆಯನ್ನು ತಾನೇ ಆರಿಸಿ ಕೊಳ್ಳುವುದೂ ಅದರಲ್ಲಿ ಸೇರಿದೆ.

‘ಬಿಟ್ಟುಬಿಟ್ಟು ಏನಾದರೂ ಹೆಚ್ಚುಕಮ್ಮಿಯಾದರೆ ಯಾರು ಹೊಣೆ ಮೇಡಂ? ಗ್ಯಾಸ್ ಮುಂದೆ ನಿಲ್ಲಿಸಲೇ? ರಸ್ತೆ ದಾಟಿಸಲೇ?’ ಎಂದು ತಾಯಂದಿರು ಕೇಳುತ್ತಾರೆ. ಭಯ ಸಹಜ. ಇದೇ ಭಯವನ್ನು ಹೊರದೇಶದವರೂ ಪಟ್ಟರು. ಇಂಥವರನ್ನು ದೊಡ್ಡ ದೊಡ್ಡ ಆಶ್ರಮಗಳಲ್ಲಿ ಕೂಡಿಹಾಕಿ ಬೆಚ್ಚಗೆ ಸಾಕಿದರು. ಆಮೇಲೆ ಅದು ಸೆರೆಮನೆಯೆಂದು ಅವರಿಗೇ ಅರಿವಾಯಿತು. 1959ರಲ್ಲಿ ಡೆನ್ಮಾರ್ಕ್, ಬ್ಯಾಂಕ್–ಮಿಕ್ಕೆಲ್ಸನ್ ಎಂಬ ಅಧಿಕಾರಿಯ ಮುಂದಾಳತನದಲ್ಲಿ, ಇವರ ಬದುಕು ಎಲ್ಲರ ಬದುಕಿಗೆ ಆದಷ್ಟು ಹತ್ತಿರವಾಗಿರಬೇಕೆಂಬ ತತ್ವವನ್ನು ಕಾಯಿದೆಗೆ ತಂದಿತು. 1972ರಲ್ಲಿ ರಾಬರ್ಟ್ ಪರ್ಸ್ಕೆ ಎಂಬ ಅಮೆರಿಕದವರು ಒಂದು ಲೇಖನ ಬರೆದರು. ಅಪಾಯವನ್ನು ಎದುರಿಸುವುದರಲ್ಲೂ ಮನುಷ್ಯನಿಗೊಂದು ಘನತೆಯಿದೆ, ಎಲ್ಲ ಅಪಾಯದಿಂದಲೂ ಕಾಪಾಡುತ್ತೇವೆಂದು ಆ ಘನತೆಯನ್ನೇ ಕಿತ್ತುಕೊಳ್ಳಬೇಡಿ ಎಂಬುದು ಅದರ ಸಾರ. ನಾನು ನನ್ನ ಭಾಷೆಯಲ್ಲಿ ಅದನ್ನು ಬೀಳುವ ಹಕ್ಕು ಎನ್ನುತ್ತೇನೆ. ನಮ್ಮ ಉಳಿದ ಮಕ್ಕಳು ಸೈಕಲ್ ಕಲಿಯುವಾಗ ಮೊಣಕಾಲು ತರಚಿಕೊಂಡರೆ ಅರಿಶಿನ ಹಚ್ಚಿ ಮತ್ತೆ ಕಳಿಸುವುದಿಲ್ಲವೇ? ಈ ಒಂದು ಮಗುವಿಗೆ ಮಾತ್ರ ಬೀಳುವ ಹಕ್ಕು ಯಾಕಿಲ್ಲ?

ಕಲಿಸುವುದು ಹೇಗೆ ಎಂಬುದು ಮುಂದಿನ ಪ್ರಶ್ನೆ. ವಿಶೇಷ ಶಿಕ್ಷಕರ ಬಳಿ ಮಂತ್ರದಂಡವಿಲ್ಲ, ಪದ್ಧತಿಯಿದೆ. ಒಂದು ಕೆಲಸವನ್ನು ಹತ್ತು ಸಣ್ಣ ಹೆಜ್ಜೆಗಳಾಗಿ ಒಡೆಯುತ್ತಾರೆ. ಸಲ್ವಾರಿನ ಲಾಡಿ ಕಟ್ಟುವುದೇ ಇರಲಿ. ಒಂಬತ್ತು ಹೆಜ್ಜೆ ತಾಯಿ ಮಾಡಿ, ಕೊನೆಯ ಎಳೆತವನ್ನು ಮಗಳಿಗೆ ಬಿಡುವುದು. ‘ನಾನೇ ಕಟ್ಟಿಕೊಂಡೆ’ ಎಂಬ ಹಿಗ್ಗು ಮೊದಲ ದಿನವೇ ಅವಳದಾಗುತ್ತದೆ. ಅದು ಬಂದ ಮೇಲೆ ಕೊನೆಯ ಎರಡು ಹೆಜ್ಜೆ, ಆಮೇಲೆ ಮೂರು. ಹೀಗೆ ಹಿಂದಿನಿಂದ ಮುಂದಕ್ಕೆ ಬರುವುದು. ಉಳಿದ ಮಕ್ಕಳಿಗೆ ಒಂದು ವಾರ ಬೇಕಾದಲ್ಲಿ ಇವರಿಗೆ ಮೂರು ತಿಂಗಳು ಬೇಕಾದೀತು. ಒಮ್ಮೆ ಕೈಗೆ ಹತ್ತಿದ್ದನ್ನು ದಿನವೂ ಮಾಡುತ್ತಿದ್ದರೆ ಮರೆಯುವುದಿಲ್ಲ.

ಅಡುಗೆಮನೆಗಿಂತ ದೊಡ್ಡ ಶಾಲೆ ಯಾವುದಿದೆ? ಕುಕ್ಕರ್ ಮೂರು ಸಲ ಕೂಗಿದರೆ ಆರಿಸಬೇಕು. ಎಣಿಕೆ ತಪ್ಪುವ ಹುಡುಗಿಯ ಮುಂದೆ ಮೂರು ಹುಣಸೆಬೀಜ ಇಡಿ. ಒಂದೊಂದು ಕೂಗಿಗೆ ಒಂದೊಂದು ಬೀಜ ಬಟ್ಟಲಿಗೆ ಹಾಕಲಿ, ಬೀಜ ಮುಗಿದಾಗ ಒಲೆ ಆರಿಸಲಿ. ದುಡ್ಡಿನ ಲೆಕ್ಕಕ್ಕೂ ಒಂದು ಉಪಾಯವಿದೆ. ಕೂಡಿ ಕಳೆಯಲು ಬಾರದಿದ್ದರೂ ‘ಮುಂದಿನ ಹತ್ತು’ ಕೊಡಲು ಕಲಿಸಬಹುದು. ಅಂಗಡಿಯವನು ಮೂವತ್ತೇಳು ಎಂದರೆ ಮೂವತ್ತಕ್ಕೆ ಮೂರು ನೋಟು, ಮೇಲಿನದಕ್ಕೆ ಇನ್ನೊಂದು, ಒಟ್ಟು ನಾಲ್ಕು ಹತ್ತರ ನೋಟು. ಕೊಟ್ಟು, ಚಿಲ್ಲರೆಗೆ ಕೈ ಚಾಚಿ ನಿಲ್ಲುವುದು. ಇಷ್ಟು ಬಂದರೆ ಸಂತೆಯಲ್ಲಿ ಅವಳನ್ನು ಮೋಸ ಮಾಡುವುದು ಅಷ್ಟು ಸುಲಭವಲ್ಲ. ಓದು ಎಂದರೆ ಕಾಗುಣಿತವಿಡೀ ಬರಬೇಕೆಂದಿಲ್ಲ. ಹೊನ್ನಾಳಿ, ನ್ಯಾಮತಿ, ಮಹಿಳೆಯರು, ಅಪಾಯ, ಔಷಧ – ಇಂಥ ಐವತ್ತು ಪದಗಳನ್ನು ಚಿತ್ರದಂತೆ ಗುರುತು ಹಿಡಿದರೂ ಆಯಿತು. ‘ಹೊನ್ನಾಳಿ’ಯ ಒತ್ತಕ್ಷರವನ್ನು ಅವಳು ಬರೆಯಬೇಕಿಲ್ಲ, ಬಸ್ಸಿನ ನೆತ್ತಿಯ ಮೇಲೆ ಕಂಡರೆ ಹತ್ತಬೇಕು. 2023ರ ಜೂನ್‌ನಿಂದ ಸರ್ಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ಟಿನ ದುಡ್ಡಿನ ಲೆಕ್ಕವೂ ಇಲ್ಲ, ಗುರುತಿನ ಚೀಟಿ ತೋರಿಸಿದರಾಯಿತು. ನಮ್ಮ ಕಡೆ ಖಾಸಗಿ ಬಸ್ಸುಗಳೂ ಇವೆ. ಯಾವುದು ಯಾವುದೆಂದು ನಾಲ್ಕು ದಿನ ಜೊತೆಗೆ ಹೋಗಿ ತೋರಿಸಿ. ಐದನೆಯ ದಿನ ಹಿಂದಿನ ಸೀಟಿನಲ್ಲಿ ಕೂತು ನೋಡಿ. ಆಮೇಲೆ ಒಂದು ದಿನ ನಿಲ್ದಾಣದಲ್ಲೇ ನಿಂತುಬಿಡಿ.

ಹೆಣ್ಣುಮಕ್ಕಳ ವಿಷಯದಲ್ಲಿ ನಾವು ಮುಚ್ಚಿಟ್ಟುಕೊಂಡು ಮಾತಾಡುವ ಸಂಗತಿಯೊಂದಿದೆ, ಇಲ್ಲಿ ಬಿಚ್ಚಿಯೇ ಹೇಳುತ್ತೇನೆ. 1994ರ ಫೆಬ್ರವರಿಯಲ್ಲಿ ಪುಣೆಯ ಸರ್ಕಾರಿ ಆಸ್ಪತ್ರೆಯಲ್ಲಿ, ಶಿರೂರಿನ ಸರ್ಕಾರಿ ವಸತಿಗೃಹದಲ್ಲಿದ್ದ ಇಂಥ ಹುಡುಗಿಯರ ಗರ್ಭಕೋಶವನ್ನೇ ತೆಗೆದುಹಾಕಿದರು. ಮುಟ್ಟಿನ ದಿನಗಳಲ್ಲಿ ಸ್ವಚ್ಛತೆ ಕಾಪಾಡಿಕೊಳ್ಳಲು ಅವರಿಗೆ ಬರುವುದಿಲ್ಲ ಎಂಬುದು ಕೊಟ್ಟ ಕಾರಣ. ದೇಶದ ಮಹಿಳಾ ಸಂಘಟನೆಗಳು ಬೀದಿಗಿಳಿದವು. ಆದರೆ ‘ತೆಗೆಸಿಬಿಟ್ಟರೆ ಹೇಗೆ?’ ಎಂದು ಪಿಸುದನಿಯಲ್ಲಿ ಕೇಳುವ ತಾಯಂದಿರನ್ನು ನಾನು ಈಚೆಗೂ ಕಂಡಿದ್ದೇನೆ. ಅಮ್ಮಾ, ಮುಟ್ಟಿಗಿಂತ ಮೊದಲೇ, ಒಂಬತ್ತು ಹತ್ತು ವರ್ಷಕ್ಕೇ, ಒಳಉಡುಪಿನಲ್ಲಿ ಪ್ಯಾಡ್ ಇಟ್ಟುಕೊಳ್ಳುವ ಅಭ್ಯಾಸ ಮಾಡಿಸಿ. ಕುಂಕುಮದ ನೀರಿನ ನಾಲ್ಕು ಹನಿ ಹಾಕಿ ತೋರಿಸಿ. ಬದಲಾಯಿಸುವುದು, ಕಾಗದದಲ್ಲಿ ಸುತ್ತುವುದು, ಕೈ ತೊಳೆಯುವುದು – ಇದನ್ನೂ ಹೆಜ್ಜೆ ಹೆಜ್ಜೆಯಾಗಿ ಒಡೆದು ಕಲಿಸಿ. ತಾಯಿ ಆರು ತಿಂಗಳು ತಾಳ್ಮೆಯಿಂದ ಕಲಿಸಬಹುದಾದ್ದಕ್ಕೆ ಡಾಕ್ಟರ ಕತ್ತರಿ ಯಾಕೆ?

ಇನ್ನೂ ಒಂದು ಮಾತು. ‘ನಮ್ಮ ಹುಡುಗಿ ಹಸುವಿನಂಥವಳು, ಯಾರು ಏನು ಹೇಳಿದರೂ ಹೂಂ ಅಂತಾಳೆ’ ಎಂದು ಹೆಮ್ಮೆ ಪಡುವವರಿದ್ದಾರೆ. ನನ್ನ ಎದೆ ಧಸಕ್ಕೆನ್ನುತ್ತದೆ. ಯಾರು ಏನು ಹೇಳಿದರೂ ಹೂಂ ಎನ್ನುವ ಹುಡುಗಿಯೇ ದುಷ್ಟರ ಕಣ್ಣಿಗೆ ಮೊದಲು ಬೀಳುವವಳು. ಅವಳಿಗೆ ಕಲಿಸಬೇಕಾದ ಮೊದಲ ಪದ ‘ಬೇಡ’. ಮನೆಯಲ್ಲಿ ಅವಳು ‘ಬೇಡ’ ಎಂದಾಗ ಅದಕ್ಕೆ ಬೆಲೆ ಕೊಡದೆ ಬೀದಿಯಲ್ಲಿ ‘ಬೇಡ’ ಎನ್ನಲು ಅವಳಿಗೆ ಧೈರ್ಯ ಬರುವುದೆಲ್ಲಿಂದ? ಉಪ್ಪಿಟ್ಟು ಬೇಡವೆಂದರೆ ಬಿಡಿ. ಕೆಂಪು ಲಂಗ ಬೇಡ, ಹಸಿರೇ ಬೇಕೆಂದರೆ ಕೊಡಿ. 2009ರಲ್ಲಿ ಚಂಡೀಗಡದ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಸೌಮ್ಯ ಪ್ರಮಾಣದ ಕೊರತೆಯಿದ್ದ ಹೆಣ್ಣುಮಗಳ ಗರ್ಭವನ್ನು ಅವಳ ಒಪ್ಪಿಗೆಯಿಲ್ಲದೆ ತೆಗೆಸಕೂಡದೆಂದು ತೀರ್ಪು ಕೊಟ್ಟಿತು. ದೇಶದ ಅತಿ ದೊಡ್ಡ ನ್ಯಾಯಾಲಯ ಅವಳ ಒಪ್ಪಿಗೆ ಕೇಳಿತು. ನಾವು ಲಂಗದ ಬಣ್ಣವನ್ನಾದರೂ ಕೇಳಬಾರದೆ?

ಇನ್ನು ಮದುವೆ. ‘ಒಂದು ಮದುವೆ ಮಾಡಿದರೆ ಸರಿಹೋಗ್ತಾನೆ’ ಎಂಬ ಔಷಧ ನಮ್ಮ ಹಿರಿಯರ ಬಳಿ ಯಾವಾಗಲೂ ಸಿದ್ಧ. ಹುಚ್ಚು ಬಿಡುವ ತನಕ ಮದುವೆಯಾಗದು, ಮದುವೆಯಾಗುವ ತನಕ ಹುಚ್ಚು ಬಿಡದು ಎಂಬ ಗಾದೆ ಹುಟ್ಟಿದ್ದೇ ಇಂಥ ಬುದ್ಧಿವಂತಿಕೆಯನ್ನು ಕಂಡು ಇರಬೇಕು. ಇವರಿಗೆ ಮದುವೆ ಬೇಡವೆಂದು ಹೇಳಲು ನಾನು ಯಾರು? ಬೇಕೆಂದವರು, ತಿಳಿದು ಒಪ್ಪಿದವರು ಸುಖವಾಗಿ ಬಾಳಲಿ. ಆದರೆ ವಿಷಯ ಮುಚ್ಚಿಟ್ಟು, ಬಡವರ ಮನೆಯ ಹೆಣ್ಣೊಬ್ಬಳನ್ನು ತಂದು ‘ಇನ್ನು ನೀನು ನೋಡ್ಕೋ’ ಎಂದು ಕೈ ತೊಳೆದುಕೊಳ್ಳುವುದಿದೆಯಲ್ಲ, ಅದು ಮದುವೆಯಲ್ಲ. ಸಂಬಳವಿಲ್ಲದ ದಾದಿಯ ನೇಮಕ. ಕಲಿಸಬೇಕಾದ ಕಾಲದಲ್ಲಿ ಕಲಿಸದೆ ಆ ಸಾಲವನ್ನು ಇನ್ನೊಬ್ಬಳ ಮಗಳ ತಲೆಗೆ ಹೊರಿಸುವುದನ್ನು ಹೆಂಗಸರಾದ ನಾವೇ ಹೇಗೆ ಒಪ್ಪುತ್ತೇವೆ?

ಸರ್ಕಾರದ ಹೊಣೆಯನ್ನು ನಾನು ಮರೆತಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆ ಇಂಥ ಮಕ್ಕಳಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕು ಕೊಟ್ಟಿದೆ. ವಿಶೇಷ ಶಿಕ್ಷಕರು ಎಷ್ಟು ಮಕ್ಕಳಿಗೊಬ್ಬರಿರಬೇಕೆಂದು ಗೊತ್ತುಮಾಡಿ ಎಂದು 2021ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಕಿರಿಯ ಪ್ರಾಥಮಿಕದಲ್ಲಿ ಇಂಥ 10 ಮಕ್ಕಳಿಗೊಬ್ಬರು, ಹಿರಿಯ ಪ್ರಾಥಮಿಕದಲ್ಲಿ 15 ಮಕ್ಕಳಿಗೊಬ್ಬರು ಎಂದು ಕೇಂದ್ರ ಸರ್ಕಾರ 2022ರಲ್ಲಿ ಗೊತ್ತುಮಾಡಿತು. ಅಷ್ಟಾದರೂ, ಹುದ್ದೆ ಮಂಜೂರು ಮಾಡಿ ಎಂದು ಕೋರ್ಟು 2025ರ ಮಾರ್ಚಿನಲ್ಲಿ ರಾಜ್ಯಗಳಿಗೆ ಮತ್ತೆ ಹೇಳಬೇಕಾಯಿತು. ಸಿಕಂದರಾಬಾದಿನಲ್ಲಿ 1984ರಲ್ಲಿ ಹುಟ್ಟಿದ ರಾಷ್ಟ್ರೀಯ ಸಂಸ್ಥೆಯ ಅಧೀನದಲ್ಲಿ ನಮ್ಮ ದಾವಣಗೆರೆಯಲ್ಲೇ ಸಂಯುಕ್ತ ಪ್ರಾದೇಶಿಕ ಕೇಂದ್ರ ಇದೆ. ಬಹಳ ಒಳ್ಳೆಯದು. ಆದರೆ ಜಗಳೂರಿನ ಹಳ್ಳಿಯಿಂದ ಕೂಲಿಯ ತಾಯಿ ಮಗುವನ್ನು ಕಟ್ಟಿಕೊಂಡು ದಾವಣಗೆರೆಗೆ ಬಂದು ಹೋದರೆ ಅಂದಿನ ಕೂಲಿ ಹೋಯಿತು. ವಾರಕ್ಕೆರಡು ಸಲ ಬನ್ನಿ ಎಂದರೆ ಆಕೆ ಬಂದಾಳೆಯೇ? ಕಲಿಕೆ ಅವಳ ಊರಿಗೆ ಬರಬೇಕು.

ನಾನು ಕೇಳುವುದು ದೊಡ್ಡದೇನೂ ಅಲ್ಲ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು – ಈ ನಾಲ್ಕು ಊರುಗಳಲ್ಲಿ ಒಂದೊಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಒಂದು ಕೋಣೆ, ಒಬ್ಬ ವಿಶೇಷ ಶಿಕ್ಷಕಿ, ಒಂದು ಒಲೆ, ಒಂದು ತಕ್ಕಡಿ, ಹಿತ್ತಲಲ್ಲಿ ನಾಲ್ಕು ಮಡಿ ತರಕಾರಿ. ಎಂಟನೆಯ ತರಗತಿಯಿಂದ ಮೂರು ವರ್ಷ, ದಿನದ ಅರ್ಧ ಎಲ್ಲರ ಜೊತೆ ಪಾಠ, ಇನ್ನರ್ಧ ಬದುಕಿನ ಪಾಠ. ವಾರಕ್ಕೊಮ್ಮೆ ಸಂತೆ, ಅಂಚೆ ಕಚೇರಿ, ಬ್ಯಾಂಕು. ಕೊನೆಯ ವರ್ಷ ಊರಿನ ಕೆಲಸಗಳ ಅಭ್ಯಾಸ. ಚನ್ನಗಿರಿಯಲ್ಲಿ ಅಡಿಕೆ ಆರಿಸುವ, ಚೀಲ ಹೊಲಿಯುವ ಕೆಲಸವಿದೆ. ಭದ್ರಾ ನಾಲೆಯ ಗದ್ದೆಸಾಲಿನಲ್ಲಿ ಸಸಿಮಡಿಯ ಕೆಲಸವಿದೆ. ಜಗಳೂರಿನಲ್ಲಿ ಕುರಿ, ಶೇಂಗಾ ಇವೆ. ಎಲ್ಲ ಊರಲ್ಲೂ ರೊಟ್ಟಿ ಮಾಡಿ ಮಾರುವ ಹೆಂಗಸರಿದ್ದಾರೆ, ಹೋಟೆಲುಗಳಿವೆ. ಸರ್ಕಾರಿ ನೌಕರಿಯಲ್ಲಿ ಅಂಗವಿಕಲರಿಗಿರುವ ಶೇಕಡಾ 4 ಮೀಸಲಾತಿಯಲ್ಲಿ ಇವರಿಗೂ ಇನ್ನೂ ಹಲವು ಬಗೆಯವರಿಗೂ ಸೇರಿ ಸಿಕ್ಕಿರುವುದು ಶೇಕಡಾ 1. ಅದನ್ನೇ ಕಾಯುತ್ತ ಕೂತರೆ ಜನ್ಮ ಸಾಲದು. ಗ್ರಾಮ ಪಂಚಾಯಿತಿಯಲ್ಲಿ ಅಂಗವಿಕಲರಿಗೆಂದು ಶೇಕಡಾ 5ರಷ್ಟು ಹಣ ತೆಗೆದಿಡಬೇಕೆಂಬ ನಿಯಮವಿದೆ, ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ. ಆ ದುಡ್ಡು ಎಲ್ಲಿ ಹೋಯಿತೆಂದು ಗ್ರಾಮಸಭೆಯಲ್ಲಿ ಎದ್ದು ಕೇಳುವವರು ಬೇಕು.

ಕೇಳುವವರು ನಾವೇ ಆಗಬೇಕು. 2000ದ ಇಸವಿಯಿಂದೀಚೆಗೆ ನಮ್ಮ ಊರೂರಿನಲ್ಲಿ ಸ್ತ್ರೀಶಕ್ತಿ ಸಂಘಗಳು ಬೆಳೆದಿವೆ. ವಾರವಾರ ಸೇರುತ್ತೇವೆ, ಉಳಿತಾಯ ಮಾಡುತ್ತೇವೆ, ಸಾಲ ತೀರಿಸುತ್ತೇವೆ. ಒಂದೊಂದು ಸಂಘ ಇಂಥ ಒಬ್ಬಳನ್ನು ಸದಸ್ಯೆಯಾಗಿ ಸೇರಿಸಿಕೊಳ್ಳಲಿ. ಅವಳೂ ತನ್ನ ಕೈಯಾರೆ ಇಪ್ಪತ್ತು ರೂಪಾಯಿ ಕಟ್ಟಲಿ, ತನ್ನ ಹೆಸರನ್ನು ತಾನೇ ಬರೆಯಲಿ. ತಾಯಿ ಸತ್ತ ಮೇಲೆ ‘ಅವಳು ನಮ್ಮ ಸಂಘದವಳು, ಅವಳ ಪಾಲಿನ ಮನೆಯನ್ನು ಯಾರು ಬರೆಸಿಕೊಂಡಿರಿ?’ ಎಂದು ಅಣ್ಣತಮ್ಮಂದಿರನ್ನು ಕೇಳಲು ಹದಿನೈದು ಹೆಂಗಸರು ಇರುತ್ತಾರೆ. ದೇವರಿದ್ದಾನೆ ಎಂದು ಕೂರುವುದಕ್ಕಿಂತ ಈ ಹದಿನೈದು ಜನರನ್ನು ನಂಬುವುದು ನನಗೆ ಹೆಚ್ಚು ವಾಸಿ ಎನಿಸುತ್ತದೆ.

ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎನ್ನುತ್ತೇವೆ. ಈ ಮಕ್ಕಳ ವಿಷಯದಲ್ಲಿ ಮಾತ್ರ ಗಿಡಕ್ಕೆ ನೆರಳು ಕಟ್ಟುತ್ತ ಕಟ್ಟುತ್ತ ಬಿಸಿಲನ್ನೇ ಕಾಣದಂತೆ ಮಾಡಿ, ಮರವಾಗಲಿಲ್ಲವಲ್ಲ ಎಂದು ಅಳುತ್ತೇವೆ. ಇಲಾಖೆಯ ಆದೇಶ ಬರಲಿ, ಶಿಕ್ಷಕಿಯ ನೇಮಕವಾಗಲಿ ಎಂದು ಕಾಯುವ ಅಗತ್ಯವಿಲ್ಲದ ಒಂದು ಕೆಲಸವನ್ನು ನಾಳೆಯೇ ಶುರುಮಾಡಬಹುದು. ಬೆಳಿಗ್ಗೆ ಒಗ್ಗರಣೆಗೆ ಕರಿಬೇವು ಇಲ್ಲವೆನ್ನಿ. ಮಗಳ ಕೈಗೆ ಹತ್ತು ರೂಪಾಯಿ ಕೊಟ್ಟು ಅಂಗಡಿಗೆ ಕಳಿಸಿ. ಅವಳು ಕರಿಬೇವಿನ ಬದಲು ಕೊತ್ತಂಬರಿ ತರಬಹುದು, ಚಿಲ್ಲರೆ ಮರೆತು ಬರಬಹುದು. ಬೈಯಬೇಡಿ, ‘ಪಾಪ’ ಎನ್ನಲೂ ಬೇಡಿ. ಅಂದಿನ ಸಾರಿಗೆ ಕೊತ್ತಂಬರಿಯನ್ನೇ ಹಾಕಿ, ನಾಡಿದ್ದು ಮತ್ತೆ ಕಳಿಸಿ.